‘ಬುಧವಾರ ನೀನೂ ಬರಲ್ಲ ತಾನೇ?’

ಹೆಸರು ಬರೆಯುವಂತಿಲ್ಲ. ಇಲಾಖೆ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ‘ಆಪರೇಟರ್’ ಎಂದು ಕರೆಯುತ್ತೇನೆ. ಅವರ ಕಚೇರಿಯಲ್ಲೂ ಹಾಗೇ ಕರೆಯುವುದು. ‘ಆಪರೇಟರ್‌ಗೆ ಕೊಡಿ’, ‘ಆಪರೇಟರ್ ಊಟಕ್ಕೆ ಹೋಗಿದಾರೆ’. ಒಂಬತ್ತು ವರ್ಷದಿಂದ ಹೀಗೇ.

2023ರ ಫೆಬ್ರವರಿ ಕೊನೆ. ಮಾರ್ಚ್ 1, ಬುಧವಾರದಿಂದ ರಾಜ್ಯ ಸರ್ಕಾರಿ ನೌಕರರು ಅನಿರ್ದಿಷ್ಟ ಮುಷ್ಕರಕ್ಕೆ ಕರೆ ಕೊಟ್ಟಿದ್ದರು. ದೊಡ್ಡ ಬೇಡಿಕೆ ಎರಡು. ಏಳನೇ ವೇತನ ಆಯೋಗದ ವರದಿ ಬರುವವರೆಗೆ ಶೇ 40ರಷ್ಟು ಮಧ್ಯಂತರ ಪರಿಹಾರ ಕೊಡಬೇಕು. ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ ತೆಗೆದು ಹಳೇ ಪಿಂಚಣಿ ತರಬೇಕು. ಆ ಗುರುವಾರ ಸಂಜೆ ಅವರು ನನ್ನ ಆಪ್ತಸಲಹೆಯ ಕೋಣೆಗೆ ಬಂದರು. ವಯಸ್ಸು ಮೂವತ್ತಾರು, ಮನೆ ಬೆಂಗಳೂರಿನ ಲಗ್ಗೆರೆ ಕಡೆ. ಒಂದು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು. ಎದೆ ಡವಡವ, ಹೊಟ್ಟೆಯಲ್ಲಿ ಉರಿ. ಡಾಕ್ಟರು ಇಸಿಜಿ ನೋಡಿ, ಏನೂ ಇಲ್ಲ, ಯಾರ ಹತ್ರನಾದ್ರೂ ಮಾತಾಡಿ ಎಂದಿದ್ದರಂತೆ.

‘ಮೇಡಂ, ನಾನು ಸ್ಟ್ರೈಕ್ ಮಾಡ್ಬೇಕಾ ಬೇಡ್ವಾ, ಅದೊಂದು ಹೇಳಿ ಸಾಕು’ ಎಂದು ಕೂರುವ ಮೊದಲೇ ಕೇಳಿದರು.

ಆಪರೇಟರ್ ಸರ್ಕಾರಿ ನೌಕರರಲ್ಲ. ಹೊರಗುತ್ತಿಗೆಯವರು. ಕೂರುವುದು ಸರ್ಕಾರಿ ಕಚೇರಿಯಲ್ಲಿ, ಸಂಬಳ ಕೊಡುವುದು ಏಜೆನ್ಸಿ. ಟೆಂಡರ್ ಬದಲಾದಾಗಲೆಲ್ಲ ಏಜೆನ್ಸಿ ಬದಲಾಗುತ್ತದೆ. ಕುರ್ಚಿ, ಕಂಪ್ಯೂಟರ್, ಕೆಲಸ ಯಾವುದೂ ಬದಲಾಗುವುದಿಲ್ಲ. ಒಂಬತ್ತು ವರ್ಷದಲ್ಲಿ ನಾಲ್ಕು ಏಜೆನ್ಸಿ ಕಂಡಿದ್ದರು. ಸಂಬಳ 18,000. ಪಿಎಫ್ 1,800, ಇಎಸ್‌ಐ 135, ವೃತ್ತಿ ತೆರಿಗೆ 200 ಹೋಗಿ ಕೈಗೆ 15,865. ಈ ಅಂಕಿ ಅವರ ಬಾಯಲ್ಲೇ ಇತ್ತು. ನನ್ನ ಸಂಬಳದ ಚಿಲ್ಲರೆ ನನಗೆ ಯಾವತ್ತೂ ನೆನಪಿರುವುದಿಲ್ಲ.

ಅವರ ಪಕ್ಕದ ಮೇಜು ಅಕ್ಕನದು. ಸ್ವಂತ ಅಕ್ಕ ಅಲ್ಲ, ಕಾಯಂ ನೌಕರಿಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ). 2009ರಲ್ಲಿ ಕೆಲಸಕ್ಕೆ ಸೇರಿದವರು, ಅಂದರೆ ಎನ್‌ಪಿಎಸ್. ಆಪರೇಟರ್ ಮಗಳಿಗೆ ಡೆಂಗಿ ಆದಾಗ ಐದು ದಿನ ಇವರ ಎಂಟ್ರಿಯನ್ನೂ ತಾವೇ ಮಾಡಿ ಹಾಜರಾತಿ ಉಳಿಸಿದವರು. ಹತ್ತು ಸಾವಿರ ಕೈಗಿಟ್ಟು, ವಾಪಸ್ ಯಾವಾಗ ಎಂದು ಒಂದು ಸಲವೂ ಕೇಳದವರು. ಆ ಅಕ್ಕ ಡಬ್ಬಿ ಮುಚ್ಚುತ್ತಾ ಕೇಳಿದ್ದರು: ‘ಬುಧವಾರ ನೀನೂ ಬರಲ್ಲ ತಾನೇ?’

ಅದೇ ದಿನ ಏಜೆನ್ಸಿಯ ಸೂಪರ್‌ವೈಸರ್ ಫೋನ್ ಮಾಡಿದ್ದ. ಬುಧವಾರ ಬಯೋಮೆಟ್ರಿಕ್ ಬೀಳದಿದ್ದರೆ ಗುರುವಾರ ಬೇರೆಯವರನ್ನು ಕಳಿಸುತ್ತೇವೆ ಎಂದ. ಸಂಜೆ ಅಧಿಕಾರಿ ಕರೆದು, ‘ನೀವು ಬನ್ನಿಯಮ್ಮ, ಪಕ್ಕದ ಮೇಜಿನವರ ಲಾಗಿನ್‌ನಲ್ಲಿ ಫೈಲ್ ಮೂವ್ ಮಾಡಿದ್ರೆ ಆಯ್ತು’ ಎಂದರು. ಗಂಡ ಮನೆಯಲ್ಲಿ, ‘ಸುಮ್ನೆ ಕೆಲಸಕ್ಕೆ ಹೋಗು, ಅವರ ಪೆನ್ಷನ್ ನಿಂಗ್ಯಾಕೆ’ ಎಂದರು.

ನಾಲ್ಕು ಕಡೆಯಿಂದ ಎಳೆತ. ಆದರೆ ಆ ಗಂಟೆಯಲ್ಲಿ ಅವರು ಅತ್ತದ್ದು ಅಕ್ಕನ ಮಾತು ಬಂದಾಗ ಮಾತ್ರ.

ಅಕ್ಕ ಕೇಳಿದ್ದು ಏನು, ನಿಮಗೆ ಕೇಳಿಸಿದ್ದು ಏನು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನೀನು ನಮ್ಮವಳಾ ಅಲ್ವಾ ಅಂತ ಕೇಳಿದಂಗಾಯ್ತು ಮೇಡಂ.’ ಆಮೇಲೆ ತಾವೇ ಸೇರಿಸಿದರು: ‘ಅಲ್ಲ ಅಂತ ಅವರಿಗೂ ಗೊತ್ತು. ಗ್ರೂಪ್ ಫೋಟೊ ತೆಗೀವಾಗ ನಾನೇ ಮೊಬೈಲ್ ಹಿಡ್ಕೊಳ್ಳೋದು.’

ಇಲ್ಲಿ ನನ್ನದೂ ಒಂದು ಮಾತು. ನಾನು ಪಿಂಚಣಿಯ ಮನೆಯಲ್ಲಿ ಬೆಳೆದವಳು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು, ಅಮ್ಮನಿಗೆ ಇವತ್ತಿಗೂ ಕುಟುಂಬ ಪಿಂಚಣಿ ಬರುತ್ತದೆ. ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರುವುದು ಅವಳ ಪಾಲಿಗೆ ಹಬ್ಬ. ಹಾಗಾಗಿ ಅಕ್ಕನ ಸಿಟ್ಟು ನನಗೆ ಅರ್ಥವಾಗುತ್ತದೆ. ಹಳೇ ಪದ್ಧತಿಯಲ್ಲಿ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ಬದುಕಿರುವವರೆಗೆ. ಎನ್‌ಪಿಎಸ್‌ನಲ್ಲಿ ನೌಕರರದು ಶೇ 10, ಸರ್ಕಾರದ್ದು ಶೇ 14. ಅದು ಮಾರುಕಟ್ಟೆಗೆ ಹೋಗುತ್ತದೆ, ಕೊನೆಗೆ ತಿಂಗಳಿಗೆ ಎಷ್ಟು ಎಂದು ಯಾರೂ ಬರೆದುಕೊಡುವುದಿಲ್ಲ. ಪಕ್ಕದ ಕುರ್ಚಿಯವರು ಮೂರು ವರ್ಷ ಮೊದಲು ಸೇರಿದರು ಎಂಬ ಒಂದೇ ಕಾರಣಕ್ಕೆ ಅವರಿಗೆ ಅದು, ಇವರಿಗೆ ಇದು ಎಂದರೆ ಯಾರಿಗಾದರೂ ಉರಿಯುತ್ತದೆ.

ಆದರೆ ಆಪರೇಟರ್ ಮುಂದೆ ಕೂತಾಗ ಇನ್ನೊಂದು ತಾರೀಖು ನೆನಪಾಯಿತು. ಕರ್ನಾಟಕದಲ್ಲಿ ಎನ್‌ಪಿಎಸ್ ಅನ್ವಯವಾಗುವುದು 2006ರ ಏಪ್ರಿಲ್ 1ರಿಂದ ಸೇರಿದವರಿಗೆ. ಅದಾದ ಒಂಬತ್ತೇ ದಿನಕ್ಕೆ, ಏಪ್ರಿಲ್ 10ರಂದು, ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪು ಬಂತು. ಅದೂ ನಮ್ಮ ರಾಜ್ಯದ್ದೇ ಕೇಸು, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರದು. ಎಷ್ಟು ವರ್ಷ ದುಡಿದರೂ ತಾತ್ಕಾಲಿಕ ನೌಕರರು ಕಾಯಂ ಆಗುವುದನ್ನು ಹಕ್ಕು ಎಂದು ಕೇಳುವಂತಿಲ್ಲ ಎಂದಿತು ಕೋರ್ಟು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ಮುಗಿಸಿದ್ದವರಿಗೆ ಒಂದು ಸಲದ ಅವಕಾಶ ಕೊಡಿ ಎಂದಿತು, ಅಷ್ಟೇ. ಅಕ್ಕನ ಪಿಂಚಣಿ ತಿಂಗಳ ಮೊದಲ ದಿನ ಹೋಯಿತು. ಆಪರೇಟರ್‌ನಂಥವರ ಕಾಯಂ ಆಸೆ ಹತ್ತನೇ ದಿನ. ಅಕ್ಕನದಕ್ಕೆ ಸಂಘ ಇತ್ತು, ಬ್ಯಾನರ್ ಇತ್ತು.

ಮೊದಲ ದಿನ ಉತ್ತರ ಕೊಡಲಿಲ್ಲ. ಎರಡು ಕೆಲಸ ಹೇಳಿ ಕಳಿಸಿದೆ. ಮೂರು ಗಂಟೆಗೆ ಎಚ್ಚರವಾದಾಗ ಹಾಸಿಗೆಯಲ್ಲೇ ಹೊರಳಬೇಡಿ, ಎದ್ದು ತಲೆಯಲ್ಲಿ ಓಡುತ್ತಿರುವುದನ್ನು ಒಂದು ಹಾಳೆಯಲ್ಲಿ ಬರೆದು ಮಡಚಿಡಿ. ಎರಡನೆಯದು, ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ‘ಅದಕ್ಕೂ ಇದಕ್ಕೂ ಏನ್ ಸಂಬಂಧ?’ ಎಂದರು. ನೋಡಿಕೊಂಡು ಬನ್ನಿ ಎಂದೆ.

ಸೋಮವಾರ ಬಂದಾಗ ಮುಖ ಬೇರೆಯೇ ಇತ್ತು. ಹೆದರಿಕೆಯ ಜಾಗದಲ್ಲಿ ಸಿಟ್ಟು. ಒಂಬತ್ತು ವರ್ಷದ ದುಡಿಮೆಗೆ ಪಾಸ್‌ಬುಕ್‌ನಲ್ಲಿ ಕಂಡದ್ದು ಐದು ವರ್ಷ ಚಿಲ್ಲರೆ. ಮೊದಲ ಏಜೆನ್ಸಿಯ ಕಾಲದ್ದು ಬೇರೊಂದು ನಂಬರಿನಲ್ಲಿ ಕೂತಿತ್ತು, ಹೆಸರಿನ ಇನಿಷಿಯಲ್ ತಪ್ಪು. ಎರಡನೆಯವನು ಹನ್ನೊಂದು ತಿಂಗಳು ಸಂಬಳದಲ್ಲಿ ಹಿಡಿದಿದ್ದಾನೆ, ಕಟ್ಟಿಲ್ಲ.

ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಮಾಲೀಕರ ಪಾಲಿನ 1,800ರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ. ಹತ್ತು ವರ್ಷದ ಸೇವೆ ಇದ್ದರೆ 58ಕ್ಕೆ ತಿಂಗಳ ಪಿಂಚಣಿ. ಸಂಬಳ 18,000 ಇದ್ದರೂ ಪಿಂಚಣಿಗೆ ಆಗ ಲೆಕ್ಕ ಹಿಡಿಯುತ್ತಿದ್ದದ್ದು 15,000ದವರೆಗೆ ಮಾತ್ರ. ಆ 15,000ವನ್ನು ಹತ್ತು ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ: 2,142 ರೂಪಾಯಿ ಚಿಲ್ಲರೆ. ಸೇವೆ ಹೆಚ್ಚಾದಂತೆ ಏರುತ್ತದೆ. ಹತ್ತು ವರ್ಷ ಆಗದಿದ್ದರೆ ತಿಂಗಳ ಪಿಂಚಣಿ ಇಲ್ಲ, ಒಂದಿಷ್ಟು ದುಡ್ಡು ಕೊಟ್ಟು ಕಳಿಸುತ್ತಾರೆ. ಸಣ್ಣ ಮೊತ್ತ, ನಿಜ. ಆದರೆ ಇದು ಅವರದೇ ಪಿಂಚಣಿ. ಇಂಥದ್ದೊಂದು ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಪಿಎಫ್ ಅಂದ್ರೆ ಮದುವೆಗೆ, ಮನೆಗೆ ತೆಗೆಯೋ ದುಡ್ಡು ಅಂದ್ಕೊಂಡಿದ್ದೆ ಎಂದರು.

ಆಪ್ತಸಲಹೆಯಲ್ಲಿ ‘ಹೀಗೆ ಮಾಡಿ’ ಎನ್ನಬಾರದು, ಅವರೇ ದಾರಿ ಕಂಡುಕೊಳ್ಳಲಿ ಎಂದು ಕಲಿಸುತ್ತಾರೆ. ಮಧ್ಯೆ ಒಂದೇ ದಿನ ಉಳಿದಿತ್ತು. ನನಗೆ ಅನಿಸಿದ್ದನ್ನು ಹೇಳಿಬಿಟ್ಟೆ.

ಬುಧವಾರ ಕೆಲಸಕ್ಕೆ ಹೋಗಿ ಎಂದೆ. ಈ ಮುಷ್ಕರದಲ್ಲಿ ಅಪಾಯ ಎಲ್ಲರಿಗೂ ಒಂದೇ ಅಲ್ಲ. ಸರ್ಕಾರಿ ನೌಕರರಿಗೂ ಮುಷ್ಕರದ ಹಕ್ಕಿಲ್ಲ ಎಂದು 2003ರಲ್ಲೇ ತಮಿಳುನಾಡಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಕ್ಕನನ್ನು ತೆಗೆಯಬೇಕಾದರೆ ನೋಟಿಸ್, ವಿಚಾರಣೆ ಎಲ್ಲ ಆಗಬೇಕು. ಅಮಾನತಾದರೂ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಬರುತ್ತದೆ. ನಿಮಗೆ ಒಂದು ಫೋನ್ ಕಾಲ್ ಸಾಕು. 2021ರ ಏಪ್ರಿಲ್‌ನ ಸಾರಿಗೆ ಮುಷ್ಕರ ನೆನಪಿದೆಯಲ್ವಾ? ಅಲ್ಲೂ ಟ್ರೈನಿಗಳ, ಪ್ರೊಬೇಷನ್‌ನಲ್ಲಿದ್ದವರ ಮೇಲೆ ಕತ್ತಿ ಬೇಗ ಬಿತ್ತು.

ಇಷ್ಟೇ ಹೇಳಿದ್ದರೆ ಅವರ ಗಂಡ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ. ಅಕ್ಕನ ಲಾಗಿನ್ ಮಾತ್ರ ಮುಟ್ಟಬೇಡಿ ಎಂದೆ. ಫೈಲಿನಲ್ಲಿ ಅಕ್ಕನ ಹೆಸರು ಬೀಳುತ್ತದೆ, ನಾಳೆ ತಕರಾರು ಬಂದರೆ ಇಬ್ಬರಿಗೂ ತೊಂದರೆ. ಅದಕ್ಕಿಂತ ಜಾಸ್ತಿ, ಮುಷ್ಕರದಲ್ಲಿರುವವರ ಕೆಲಸ ಮಾಡಿಕೊಟ್ಟರೆ ಅವರ ಕೈಯನ್ನು ನೀವೇ ಹಿಂದಕ್ಕೆ ಕಟ್ಟಿದಂತೆ. ನಿಮ್ಮ ಎಂಟ್ರಿ ನೀವು ಮಾಡಿ, ಅಲ್ಲಿಗೆ ನಿಲ್ಲಿಸಿ. ಮುಷ್ಕರಕ್ಕೆ ಹೋಗದಿರುವುದು ಬೇರೆ, ಅದನ್ನು ಮುರಿಯುವುದು ಬೇರೆ.

‘ಅಧಿಕಾರಿ ಗದರಿಸಿದ್ರೆ?’ ನಮ್ಮ ಲಾಗಿನ್‌ನಲ್ಲಿ ಬಂದ ಕೆಲಸ ಎಲ್ಲಾ ಮಾಡ್ತೀನಿ ಸರ್, ಬೇರೆಯವರದಕ್ಕೆ ಬರವಣಿಗೆಯಲ್ಲಿ ಆದೇಶ ಕೊಡಿ, ಅನ್ನಿ ಎಂದೆ. ಅಂಥ ಆದೇಶ ಬರೆದುಕೊಡಲು ಯಾವ ಅಧಿಕಾರಿಯ ಪೆನ್ನೂ ಏಳುವುದಿಲ್ಲ.

ಇನ್ನು ಅಕ್ಕ. ನೀವು ಬುಧವಾರ ಕೆಲಸಕ್ಕೆ ಹೋಗುವುದನ್ನು ಅವರು ಬೇರೆಯವರಿಂದ ತಿಳಿದುಕೊಳ್ಳುವುದು ಬೇಡ, ನೀವೇ ಮೊದಲು ಹೇಳಿ. ಕೋಣೆಯಲ್ಲಿ ಅಭ್ಯಾಸ ಮಾಡಿದೆವು. ನಾನು ಅಕ್ಕನಾದೆ. ‘ಏನೇ, ನಿಂಗೆ ಇಷ್ಟು ಮಾಡಿದೀನಿ’ ಎಂದು ನಾಟಕದ ಗಯ್ಯಾಳಿಯ ಹಾಗೆ ಶುರು ಮಾಡಿದೆ. ಅವರು ನಕ್ಕುಬಿಟ್ಟರು. ‘ನಮ್ಮಕ್ಕ ಹಂಗನ್ನಲ್ಲ ಮೇಡಂ, ಸುಮ್ನಾಗ್ತಾರೆ, ಅದೇ ಕಷ್ಟ.’ ಸರಿ ಎಂದು ನಾನೂ ಸುಮ್ಮನೆ ಕೂತೆ. ಆ ಮೌನದ ಎದುರು ಮೂರನೇ ಸಲ ಅವರಿಂದ ಮಾತು ಹೊರಟಿತು: ‘ಅಕ್ಕ, ನಿಮ್ಮ ಋಣ ನನ್ನ ಮೇಲಿದೆ. ಅದನ್ನ ಕೆಲಸ ಕಳ್ಕೊಂಡು ತೀರಿಸಕ್ಕಾಗಲ್ಲ. ನಿಮ್ಮ ಫೈಲ್ ನಾನು ಮುಟ್ಟಲ್ಲ. ಸಂಘದೋರು ನಮ್ಮ ಪಿಎಫ್ ವಿಷಯಾನೂ ಒಂದು ಸಲ ಎತ್ತಲಿ, ಆಗ ನಾನೂ ಬರ್ತೀನಿ.’

ಕೊನೆಯ ವಾಕ್ಯ ನನ್ನದಲ್ಲ. ಅಷ್ಟು ದೂರ ನಾನು ಯೋಚಿಸಿಯೇ ಇರಲಿಲ್ಲ. ಆದರೆ ಸರಿಯಾದ ಮಾತು. ಕಾಯಂ ನೌಕರರು ಹೊರಗುತ್ತಿಗೆಯವರನ್ನು ಜೊತೆಗೆ ಬಾ ಎನ್ನುವುದಾದರೆ ಬೇಡಿಕೆಪಟ್ಟಿಯಲ್ಲಿ ಅವರದೂ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಕರೆಯುವುದು ತಲೆ ಎಣಿಕೆಗೆ ಮಾತ್ರ. 2022ರ ಜುಲೈನಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತ ಪೌರಕಾರ್ಮಿಕರು ಕಾಯಮಾತಿ ಕೇಳಿದ್ದು ತಮಗಾಗಿ. ಅಲ್ಲಿಯೂ ಕೆಲಸ ಹೋಗುವ ಭಯ ಇತ್ತು. ಆದರೆ ಗೆದ್ದರೆ ಸಿಗುವುದು ಅವರಿಗೇ. ಅಂಥ ಮುಷ್ಕರದ ಬಗ್ಗೆ ಆಪರೇಟರ್ ಕೇಳಿದ್ದರೆ ನನ್ನ ಉತ್ತರ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಬುಧವಾರ ಆದದ್ದು ಇಷ್ಟು. ಹದಿನಾಲ್ಕು ಕುರ್ಚಿಯ ಶಾಖೆಯಲ್ಲಿ ಆಪರೇಟರ್ ಒಬ್ಬರೇ. ಅಧಿಕಾರಿ ಲಾಗಿನ್ ಮಾತು ಎತ್ತಿದರು, ಇವರು ಬರವಣಿಗೆಯ ಮಾತು ಎತ್ತಿದರು. ‘ಸರಿ ಬಿಡಿ’ ಎಂದು ಅವರು ಒಳಗೆ ಹೋದರು. ಮುಷ್ಕರ ಒಂದು ದಿನವೂ ಪೂರ್ತಿ ನಡೆಯಲಿಲ್ಲ. ಶೇ 17ರ ಮಧ್ಯಂತರ ಪರಿಹಾರದ ಆದೇಶ ಬಂತು, ಹಳೇ ಪಿಂಚಣಿಯ ವಿಷಯ ಸಮಿತಿಗೆ ಹೋಯಿತು, ಮುಷ್ಕರ ವಾಪಸಾಯಿತು. ನಲವತ್ತು ಕೇಳಿ ಹದಿನೇಳು ತಗೊಂಡರು, ಪಿಂಚಣಿಗೆ ಕಮಿಟಿ ಸಿಕ್ಕಿತು ಎಂದು ಅಕ್ಕ ಮಾರನೇ ದಿನ ಎಲ್ಲರೊಂದಿಗೆ ಕೂಗಾಡಿದರಂತೆ. ಇವರೊಂದಿಗೆ ಮಾತ್ರ ಮಾತಿಲ್ಲ. ಇಪ್ಪತ್ತೊಂದು ದಿನ. ಆಪರೇಟರ್ ಲೆಕ್ಕ ಇಟ್ಟಿದ್ದರು.

ಆ ದಿನಗಳಲ್ಲಿ ನನಗೂ ಅಳುಕಿತ್ತು. ಮುಷ್ಕರ ಅರ್ಧ ದಿನಕ್ಕೆ ಮುಗಿಯುತ್ತದೆ ಎಂದು ಗೊತ್ತಿದ್ದರೆ, ಅಕ್ಕನ ಜೊತೆ ಹೋಗಿ ಎನ್ನುತ್ತಿದ್ದೆನೇ? ಇಲ್ಲ ಅಂತಲೇ ಅನಿಸುತ್ತದೆ. ಅರ್ಧ ದಿನದ ಗೈರಿಗೂ ಫೋನ್ ಬರಬಹುದಿತ್ತು. ಆದರೆ ಒಂಬತ್ತು ವರ್ಷದ ಸ್ನೇಹ ಪಣಕ್ಕಿಟ್ಟದ್ದು ಅವರು, ನಾನಲ್ಲ.

ಯುಗಾದಿ ಮಾರನೇ ದಿನ ಅಕ್ಕ ಡಬ್ಬಿಯಲ್ಲಿ ಒಬ್ಬಟ್ಟು ತಂದು ಇವರ ಕೀಬೋರ್ಡ್ ಪಕ್ಕ ಇಟ್ಟರು. ಏನೂ ಹೇಳಲಿಲ್ಲ. ಮಧ್ಯಾಹ್ನ, ‘ಏನೇ ಅದು ನಿಮ್ಮ ಪಿಎಫ್ ಕತೆ?’ ಎಂದು ಕೇಳಿದರಂತೆ.

ಏಪ್ರಿಲ್‌ನಲ್ಲಿ ಮೂರನೇ ಸಲ ಬಂದಾಗ ನಿದ್ದೆ ಸರಿಹೋಗಿತ್ತು. ಬ್ಯಾಗಿನಲ್ಲಿ ಒಂದು ಅರ್ಜಿಯ ಪ್ರತಿ ಇತ್ತು. ಏಜೆನ್ಸಿ ಪಿಎಫ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಕಚೇರಿಯೂ ಹೊಣೆ, ಹನ್ನೊಂದು ತಿಂಗಳ ಚಲನ್ ತರಿಸಿಕೊಡಿ ಎಂದು ಕೇಳಿದ್ದರು. ಕರಡು ತಿದ್ದಿದ್ದು ಅಕ್ಕ. ‘ಕೋರುತ್ತೇನೆ’ ಇದ್ದಲ್ಲೆಲ್ಲ ‘ಒದಗಿಸತಕ್ಕದ್ದು’ ಎಂದು ಹಾಕಲು ಹೊರಟಿದ್ದರಂತೆ. ಇವರೇ ಬೇಡ ಎಂದು ತಡೆದರು.

ಮೊದಲ ಏಜೆನ್ಸಿಯ ಕಾಲದ್ದು ಆರು ತಿಂಗಳ ಓಡಾಟದ ಮೇಲೆ ಒಂದೇ ನಂಬರಿಗೆ ಸೇರಿತು. ಇನಿಷಿಯಲ್ ಸರಿಯಾಯಿತು. ಹನ್ನೊಂದು ತಿಂಗಳ ಹಣ ಸಿಕ್ಕಿಲ್ಲ. ಆ ಏಜೆನ್ಸಿಯ ಹಳೇ ವಿಳಾಸ ಹುಡುಕಿಕೊಂಡು ಇಬ್ಬರೂ ಒಂದು ಶನಿವಾರ ಹೋಗಿದ್ದರು. ಅಲ್ಲಿ ಈಗ ಬೇಕರಿ ಇದೆಯಂತೆ.