ಅಡಿಕೆ ಹೆಕ್ಕಿದರೆ ಸೊಂಟ ನೋವು: ತೊಡೆಯ ಹಿಂಭಾಗವನ್ನೂ ನೋಡಿಕೊಳ್ಳಿ

‘ಉದುರಡಿಕೆ ಹೆಕ್ಕಿದ ಮಾರನೇ ದಿನ ಸೊಂಟ ಹಿಡಿದುಕೊಳ್ಳುತ್ತೆ, ಫಿಸಿಯೋ ನೋಡಿದ್ರೆ ತೊಡೆ ಹಿಂಭಾಗ ಬಿಗಿ ಅಂತಾರೆ, ಇದೆಂಥ ಸಂಬಂಧ?’ ಅಂತ ಕೇಳಿದ್ದೀರಿ. ಸಂಬಂಧ ಇದೆ. ನಮ್ಮದು ತೀರ್ಥಹಳ್ಳಿ ಕಡೆ ತೋಟ, ನಾನೂ ಇದೇ ಪಾಡು ಪಟ್ಟವನು.

ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂಭಾಗದ ಮೂರು ಸ್ನಾಯು. ಅಡಿಕೆ ಸುಲಿಯುವ ಮೆಟ್ಟುಕತ್ತಿ ಮಣೆ ಮೇಲೆ ಕೂತಾಗ ಕೆಳಗೆ ಒಂದು ಎಲುಬು ಒತ್ತುತ್ತದೆ, ಅಲ್ವಾ? ಅಲ್ಲಿ ಶುರುವಾಗಿ ಮಂಡಿಯ ಕೆಳಗೆ ಅಂಟಿಕೊಳ್ಳುತ್ತವೆ. ಆ ಎಲುಬು ಪೆಲ್ವಿಸ್‌ನ, ಅಂದರೆ ಸೊಂಟದ ಕೆಳಗಿನ ಎಲುಬುಗೂಡಿನ ಭಾಗ. ಬಗ್ಗುವಾಗ ಬೆನ್ನು ಒಂದಷ್ಟು ಬಾಗುತ್ತದೆ, ಪೆಲ್ವಿಸ್ ಒಂದಷ್ಟು ಮುಂದಕ್ಕೆ ತಿರುಗುತ್ತದೆ. ಸ್ನಾಯು ಬಿಗಿ ಇದ್ದರೆ ಪೆಲ್ವಿಸ್ ಗಿಡ್ಡ ಕಣ್ಣಿಯಲ್ಲಿ (ಹಗ್ಗದಲ್ಲಿ) ಕಟ್ಟಿದ ದನದ ಹಾಗೆ, ಮುಂದೆ ಬರುವುದಿಲ್ಲ. ಅಡಿಕೆ ಮಾತ್ರ ನೆಲದಲ್ಲೇ ಬಿದ್ದಿರುತ್ತದೆ. ಪೆಲ್ವಿಸ್ ತಿರುಗದೆ ಕಡಿಮೆಯಾದಷ್ಟನ್ನು ಸೊಂಟವೇ ಬಾಗಿ ತುಂಬಿಕೊಡಬೇಕು. ದಿನಕ್ಕೆ ನೂರಾರು ಸಲ.

ಹಾಗಂತ ಬಿಗಿ ಇರುವವರಿಗೆಲ್ಲ ನೋವು ಬರುವುದಿಲ್ಲ. ನಮ್ಮಲ್ಲಿ ಅಡಿಕೆ ಕೊನೆ (ಗೊನೆ) ತೆಗೆಯಲು ಬರುವ ಒಬ್ಬರು ಬಗ್ಗಿದರೆ ಕೈ ಮಂಡಿಯಿಂದ ಕೆಳಗೆ ಇಳಿಯುವುದೇ ಇಲ್ಲ, ಸೊಂಟ ಮಾತ್ರ ಕಲ್ಲು, ನೋವೇ ಇಲ್ಲ. ನೋವಿಗೆ ಹೆದರಿ ಸ್ನಾಯುವೇ ಬಿಗಿ ಹಿಡಿಯುವುದೂ ಉಂಟು.

ನಾನು ಮಾಡಿದ ಪೆದ್ದುತನ ಹೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ನಿಂತು ಕಾಲ್ಬೆರಳು ಮುಟ್ಟುತ್ತಿದ್ದೆ. ನೋವು ಜಾಸ್ತಿಯೇ ಆಯಿತು. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು (ಬೆನ್ನೆಲುಬುಗಳ ನಡುವಿನ ಮೆತ್ತೆಗಳು) ನೀರು ಹೀರಿ ಉಬ್ಬಿರುತ್ತವೆ. ಆಗ ಪೂರ್ತಿ ಬಗ್ಗಿದರೆ ಅವಕ್ಕೆ ಒತ್ತಡ ಹೆಚ್ಚು. ಎದ್ದು ಒಂದು ಗಂಟೆಯಾದರೂ ಬಗ್ಗುವ ಕೆಲಸ ಬಿಡಿ. ಕೊಟ್ಟಿಗೆ ಬಾಚುವುದನ್ನೂ ಸೇರಿಸಿ (ಮನೆಯಲ್ಲಿ ಬೈಸಿಕೊಂಡರೆ ನನ್ನನ್ನು ಕೇಳಬೇಡಿ).

ಈಗ ಸಂಜೆ ಬಿಸಿನೀರು ಸ್ನಾನ ಮುಗಿಸಿ ಬಾಗಿಲಲ್ಲಿ ಅಂಗಾತ ಮಲಗುತ್ತೇನೆ. ಒಂದು ಕಾಲು ಮೇಲೆತ್ತಿ ದಾರಂದಕ್ಕೆ ಒರಗಿಸುವುದು, ಇನ್ನೊಂದನ್ನು ಬಾಗಿಲಾಚೆ ಚಾಚುವುದು. ಬೆನ್ನು ನೆಲದ ಮೇಲಿರುವುದರಿಂದ ಸೊಂಟಕ್ಕೆ ಆರಾಮ. ಹಿತವಾಗಿ ಎಳೆದಂತಾಗಬೇಕು, ಅಷ್ಟೇ. 30 ಸೆಕೆಂಡ್, ಕಾಲಿಗೆ ಎರಡು ಮೂರು ಸಲ. ಸುಮ್ನೆ ಇರಿ, ಕುಲುಕಬೇಡಿ. ವಾರದಲ್ಲಿ ಐದು ದಿನದಂತೆ ಆರು ವಾರ ಮಾಡಿ ನೋಡಿ. ಮಂಡಿಯ ಕೆಳಗೆ ಜುಮ್ಮೆಂದು ಇಳಿದರೆ ಅದು ನರ, ಸ್ನಾಯು ಅಲ್ಲ. ನಿಲ್ಲಿಸಿ.

ಬಗ್ಗುವುದನ್ನೂ ಹೊಸದಾಗಿ ಕಲಿಯಬೇಕು. ಕೋಲೊಂದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ತಲೆ, ಬೆನ್ನಿನ ಮೇಲ್ಭಾಗ, ಬಾಲದೆಲುಬು ಮೂರಕ್ಕೂ ತಾಗಿರಲಿ. ಮಂಡಿ ಚೂರು ಮಡಚಿ, ಹಿಂದೆ ಮಣೆ ಇದೆ ಅನ್ನುವ ಹಾಗೆ ಕುಂಡೆ ಹಿಂದಕ್ಕೆ ಹಾಕಿ ಬಗ್ಗಿ. ಮಂಡಿ ಮಡಚಿದರೆ ಕಣ್ಣಿ ಸಡಿಲ ಬಿಟ್ಟಂತೆ, ಪೆಲ್ವಿಸ್ ತಾನಾಗಿ ತಿರುಗುತ್ತದೆ. ತೋಟದಲ್ಲಿ ಒಂದು ಮಂಡಿ ಊರಿ ಹೆಕ್ಕಿದರೆ ಇನ್ನೂ ಒಳ್ಳೆಯದು, ಪಂಚೆ ಮಣ್ಣಾಗುತ್ತದೆ ಅಷ್ಟೇ.

ನೋವು ಕಾಲಿಗೆ ಇಳಿದಿದೆಯೋ ಇಲ್ಲವೋ ನೀವು ಬರೆದಿಲ್ಲ. ಪಾದ ಎತ್ತಲು ಆಗದಿದ್ದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೊಯ್ಲು ಮುಗಿಯಲಿ ಅಂತ ಕಾಯಬೇಡಿ.