ಅಧ್ಯಾಪಕರ ಸಮಿತಿ ಸಭೆಯನ್ನು ಝೂಮ್‌ನಲ್ಲಿ ನಡೆಸಿದರೆ ಸಿಂಧುವೇ? ಇಮೇಲ್‌ನಲ್ಲಿ ಮತ ಹಾಕಬಹುದೇ?

ಅಮೆರಿಕದ ಅನೇಕ ಕಾಲೇಜುಗಳ ಅಧ್ಯಾಪಕ ಮಂಡಳಿಗಳು ಸಭೆ ನಡೆಸುವ ಕ್ರಮ ಹೇಳುವ ‘ರಾಬರ್ಟ್ಸ್ ರೂಲ್ಸ್’ ಎಂಬ ಕೈಪಿಡಿಯನ್ನು ಪಾಲಿಸುತ್ತವೆ. ಅದರ 2020ರ 12ನೇ ಆವೃತ್ತಿಯ ಪ್ರಕಾರ, ಸಮಿತಿಯನ್ನು ಬೈಲಾದಲ್ಲೇ (ಮಂಡಳಿಯ ಮೂಲ ನಿಯಮಾವಳಿಯಲ್ಲೇ) ಹೆಸರಿಸಿ ರಚಿಸಿದ್ದರೆ ಆನ್‌ಲೈನ್ ಸಭೆಗೂ ಬೈಲಾದಲ್ಲೇ ಅನುಮತಿ ಇರಬೇಕು. ಅಧ್ಯಕ್ಷರು ಹೂಂ ಅಂದರೆ ಸಾಲದು. ಠರಾವಿನಿಂದ ಹುಟ್ಟಿದ ಸಮಿತಿಯಾದರೆ ಆ ಠರಾವಿನಲ್ಲೇ ಒಂದು ಸಾಲು ಸೇರಿಸಿದರೆ ಸಾಕು.

ಕನಿಷ್ಠ ಷರತ್ತು: ಭಾಗವಹಿಸುವ ಎಲ್ಲರಿಗೂ ಎಲ್ಲರ ಮಾತು ಏಕಕಾಲಕ್ಕೆ ಕೇಳಿಸಬೇಕು. ಹಾಗಾಗಿ ಫೋನ್ ಕಾನ್ಫರೆನ್ಸ್ ಸಭೆಯಾಗುತ್ತದೆ, ಇಮೇಲ್ ಸರಣಿ ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ವಿನಾಯಿತಿ ಇದೆ: ಸೇರುವುದು ಕಷ್ಟಸಾಧ್ಯವಾದಾಗ ಪ್ರತಿಯೊಬ್ಬ ಸದಸ್ಯರೂ ಒಪ್ಪಿದ ವಿಷಯವನ್ನು ಸಮಿತಿ ವರದಿ ಮಾಡಬಹುದು. ಒಬ್ಬರು ಉತ್ತರಿಸದಿದ್ದರೂ ಅದು ಬಿದ್ದುಹೋಗುತ್ತದೆ, ಬಹುಮತ ನಡೆಯದು.

ಮತದಾನಕ್ಕೆ ಮುಂಚೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇದೆಯೇ ಎಂದು ಮತ್ತೊಮ್ಮೆ ಎಣಿಸಿ, ಏಕೆಂದರೆ ನೆಟ್ ಕಡಿತಗೊಂಡು ಯಾರಾದರೂ ಸದ್ದಿಲ್ಲದೆ ಹೊರಬಿದ್ದಿರುತ್ತಾರೆ. ಬಡ್ತಿ, ಆಯ್ಕೆಯಂಥ ಗುಪ್ತ ಮತಕ್ಕೆ ಝೂಮ್‌ನ ಪೋಲ್ (ಮತ ಪಡೆಯುವ ಸೌಲಭ್ಯ) ತಯಾರಿಸುವಾಗಲೇ ಅನಾಮಿಕ ಆಯ್ಕೆ ಒತ್ತಿರಬೇಕು; ಚಾಟ್‌ನಲ್ಲಿ ಮತ ಕೇಳಲೇಬಾರದು.

ಸರ್ಕಾರಿ ಕಾಲೇಜಾದರೆ ರಾಜ್ಯದ ಬಹಿರಂಗ ಸಭಾ ಕಾಯ್ದೆ (ಸರ್ಕಾರಿ ಸಂಸ್ಥೆಗಳ ಸಭೆ ಸಾರ್ವಜನಿಕರಿಗೆ ತೆರೆದಿರಬೇಕೆನ್ನುವ ಕಾನೂನು) ಸಮಿತಿಗೆ ಅನ್ವಯಿಸುತ್ತದೆಯೇ ನೋಡಿ. ಅನ್ವಯಿಸಿದರೆ ಬೈಲಾಗಿಂತ ಅದೇ ಮೇಲು.