ಹುಳಿ ಹೊರಗೋ, ಒಳಗೋ?

ಪ್ರಶ್ನೆ: ಜಗಿಯುವ ಹಣ್ಣಿನ ಮಿಠಾಯಿ ನನಗೆ ಬಹಳ ಇಷ್ಟ. ಅದೇ ಮಿಠಾಯಿ ಈಗ ಹುಳಿಯಾಗಿಯೂ ಸಿಗುತ್ತದೆಂದು ಆಸೆಯಿಂದ ತಿಂದೆ. ಬಾಯಿಗಿಟ್ಟ ಕೂಡಲೇ ಮುಖ ಕಿವುಚಿಕೊಳ್ಳುವಷ್ಟು ಹುಳಿ. ಸ್ವಲ್ಪ ಜಗಿಯುವಷ್ಟರಲ್ಲಿ ಅದೆಲ್ಲ ಮಾಯವಾಗಿ ಹಳೆಯ ಸಿಹಿಯೇ ಉಳಿಯಿತು. ದೋಷ ನನ್ನ ನಾಲಗೆಯದೋ, ಮಿಠಾಯಿಯದೋ?

ಉತ್ತರ: ನಾಲಗೆಯದಂತೂ ಅಲ್ಲ. ಮಿಠಾಯಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರುಚಿ ನೋಡುವುದೇ ನನ್ನ ಉದ್ಯೋಗವಾಗಿತ್ತು. ಹುಳಿ ಮಿಠಾಯಿ ಕೈಗೆ ಬಂದರೆ ಇಂದಿಗೂ ನಾನು ಅದನ್ನು ಮೊದಲು ಬೆಳಕಿಗೆ ಹಿಡಿಯುತ್ತೇನೆ. ಮೈತುಂಬ ಬಿಳಿಯ ಹರಳುಪುಡಿ ಮೆತ್ತಿದ್ದರೆ, ಹುಳಿಯ ಬಹುಪಾಲು ಹೊರಗೇ ಇದೆ ಎಂದು ತಿಳಿಯಬೇಕು. ಆ ಪುಡಿ ಸಕ್ಕರೆ ಮತ್ತು ಆಮ್ಲದ ಮಿಶ್ರಣ. ಆಮ್ಲ ಕರಗಿದಾಗ ಬಿಡುಗಡೆಯಾಗುವ ಹೈಡ್ರೋಜನ್ ಅಯಾನುಗಳು ನಾಲಗೆಯ ರುಚಿಕೋಶಗಳನ್ನು ಹೊಕ್ಕಾಗ ನಮಗೆ ಹುಳಿ ತಿಳಿಯುತ್ತದೆ. ಅವು ಒಳಹೋಗುವ ದಾರಿ ಓಟೊಪೆಟ್ರಿನ್-1 ಎಂಬ ಪ್ರೋಟೀನು. ಅದು ಇಂಥದೊಂದು ದಾರಿ ಎಂಬುದು ಗೊತ್ತಾದದ್ದು 2018ರಲ್ಲಷ್ಟೇ. ಪುಡಿ ಒಮ್ಮೆಲೇ ಕರಗುವುದರಿಂದ ಹುಳಿಯೂ ಒಮ್ಮೆಲೇ ಏರುತ್ತದೆ. ಹುಳಿ ತಾಗಿದೊಡನೆ ಬಾಯಲ್ಲಿ ಜೊಲ್ಲು ಉಕ್ಕುತ್ತದೆ, ಅದರಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರ ಈ ಆಮ್ಲವನ್ನು ತಣಿಸುತ್ತದೆ. ಪುಡಿ ಮುಗಿಯಿತು, ಹುಳಿಯೂ ಮುಗಿಯಿತು.

ಹಾಗಾದರೆ ಹುಳಿಯನ್ನೆಲ್ಲ ಒಳಗೇ ಸೇರಿಸಬಾರದೇಕೆ? ತಯಾರಕರಿಗೆ ಅದು ನಿಜಕ್ಕೂ ಕಷ್ಟ. ಬಿಸಿ ಪಾಕಕ್ಕೆ ಆಮ್ಲ ಬಿದ್ದರೆ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಮಿಠಾಯಿ ತೇವ ಹೀರಿ ಅಂಟಂಟಾಗುತ್ತದೆ. ಜಗಿತಕ್ಕೆ ಆಧಾರವಾದ ಜೆಲಾಟಿನ್ ಕೂಡ ಆಮ್ಲ ಹೆಚ್ಚಾದರೆ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಪಾಕ ಕುದಿದು ಮುಗಿದ ಮೇಲೆ, ಸ್ವಲ್ಪ ತಣಿದಾಗ ಆಮ್ಲ ಬೆರೆಸುತ್ತಾರೆ, ಅದೂ ಅಳತೆ ಮೀರದಂತೆ. ಹೊರಗಿನ ಪುಡಿಗೆ ಈ ಯಾವ ತೊಡಕೂ ಇಲ್ಲ. ಆದರೂ ಪುಡಿಯನ್ನೇ ನಂಬಿದ ಮಿಠಾಯಿಯನ್ನು ನಾನು ಒಳ್ಳೆಯದೆನ್ನುವುದಿಲ್ಲ. ಹಣ್ಣಿನಲ್ಲಿ ಹುಳಿ ರಸದಲ್ಲಿರುತ್ತದೆ. ಕಚ್ಚಿದಷ್ಟೂ ಬರುತ್ತದೆ, ಪರಿಮಳದ ಜೊತೆಗೇ ಬರುತ್ತದೆ. ಹಣ್ಣಿನ ಹೆಸರು ಹೊತ್ತ ಮಿಠಾಯಿ ಅಷ್ಟಾದರೂ ಮಾಡಬೇಕು.

ಒಳಗೆ ಹುಳಿ ಇದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ. ಒಂದೇ ಬಣ್ಣದ ಎರಡು ತುಣುಕು ತೆಗೆದುಕೊಳ್ಳಿ. ಒಂದರ ಪುಡಿಯನ್ನು ನೀರಿನಲ್ಲಿ ತೊಳೆದು ಒರೆಸಿ, ಮೊದಲು ಅದನ್ನೇ ತಿನ್ನಿ. ಅವಸರ ಬೇಡ, ನುಂಗುವವರೆಗೂ ಗಮನವಿರಲಿ. ಕೊನೆಯ ಜಗಿತದವರೆಗೂ ದವಡೆಯ ಬದಿಯಲ್ಲಿ ತೆಳುವಾದ ಹುಳಿ ಉಳಿದರೆ ಮಾಡಿದವರು ಶ್ರದ್ಧೆಯಿಂದ ಮಾಡಿದ್ದಾರೆ. ಆಮೇಲೆ ಪುಡಿಯಿರುವುದನ್ನು ತಿಂದು ಹೋಲಿಸಿ. ಪೊಟ್ಟಣದ ಹಿಂಬದಿಯನ್ನೂ ಓದಿ. ಅಲ್ಲಿರುವ ಐಎನ್ಎಸ್ ಸಂಖ್ಯೆ ಆಹಾರಕ್ಕೆ ಸೇರಿಸಿದ ಪದಾರ್ಥದ ಗುರುತು. ಐಎನ್ಎಸ್ 330 ಎಂದರೆ ಸಿಟ್ರಿಕ್ ಆಮ್ಲ, ಚುರುಕಾಗಿ ಏರಿ ಬೇಗ ಇಳಿಯುವಂಥದು. 296 ಎಂದರೆ ಮ್ಯಾಲಿಕ್ ಆಮ್ಲ, ಹಸಿರು ಸೇಬಿನ ಹುಳಿ, ನಿಧಾನವಾಗಿ ಬಂದು ಹೆಚ್ಚು ಹೊತ್ತು ನಿಲ್ಲುತ್ತದೆ. ಕಾರ್ಲ್ ಶೀಲೆ ಎಂಬ ರಸಾಯನವಿಜ್ಞಾನಿ ಮೊದಲನೆಯದನ್ನು 1784ರಲ್ಲಿ ನಿಂಬೆರಸದಿಂದ, ಎರಡನೆಯದನ್ನು ಮರುವರ್ಷ ಸೇಬಿನ ರಸದಿಂದ ಬೇರ್ಪಡಿಸಿದ. ಇವೆರಡೂ ಕೂಡಿದ ಮಿಠಾಯಿಯೇ ನನಗೆ ಮೆಚ್ಚು.

ಪ್ರಶ್ನೆ: ಹುಳಿ ಮಿಠಾಯಿಯಲ್ಲಿ ಎಲ್ಲ ಬಣ್ಣಗಳ ರುಚಿಯೂ ಒಂದೇ ಅನ್ನಿಸುತ್ತದಲ್ಲ?

ಉತ್ತರ: ಮೂಗು ಹಿಡಿದು ತಿಂದು ನೋಡಿ, ಸಾದಾ ಮಿಠಾಯಿಯೂ ಹಾಗೆಯೇ ಅನ್ನಿಸುತ್ತದೆ. ಮಿಠಾಯಿಯಲ್ಲಿ ನಾಲಗೆಗೆ ತಿಳಿಯುವುದು ಸಿಹಿ, ಹುಳಿ ಮಾತ್ರ. ಸ್ಟ್ರಾಬೆರಿ, ಕಿತ್ತಳೆ ಎಂದು ಹೆಸರು ಹಿಡಿದು ಗುರುತಿಸುವುದು ಗಂಟಲಿನ ಹಿಂಭಾಗದಿಂದ ಮೂಗಿಗೇರುವ ಪರಿಮಳದಿಂದ. ಅತಿಹುಳಿ ಗಮನವನ್ನೆಲ್ಲ ಎಳೆದುಕೊಂಡಾಗ ಆ ಪರಿಮಳ ಗಮನಕ್ಕೇ ಬರುವುದಿಲ್ಲ. ಮೊದಲ ಅಬ್ಬರ ಇಳಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ ಉಸಿರು ಬಿಡಿ, ಹಣ್ಣು ಆಗ ತಿಳಿಯುತ್ತದೆ. ಸ್ಟ್ರಾಬೆರಿಯಿಂದ ಆರಂಭಿಸಿ, ನಿಂಬೆಯನ್ನು ಕೊನೆಗೆ ಇಟ್ಟುಕೊಳ್ಳಿ. ನಡುವೆ ನೀರು ಕುಡಿಯಿರಿ. ಫ್ರಿಜ್‌ನಿಂದ ತೆಗೆದ ಕೂಡಲೇ ತಿನ್ನಬೇಡಿ, ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. 1960ರಲ್ಲಿ ಬ್ರಿಟನ್ನಿನಲ್ಲಿ ಓಪಲ್ ಫ್ರೂಟ್ಸ್ ಎಂಬ ಹೆಸರಿನಲ್ಲಿ ಬಂದು, ಈಗ ಸ್ಟಾರ್‌ಬರ್ಸ್ಟ್ ಎನಿಸಿಕೊಂಡಿರುವ ಮಿಠಾಯಿಯ ಮೊದಲ ನಾಲ್ಕು ರುಚಿಗಳು ಸ್ಟ್ರಾಬೆರಿ, ಕಿತ್ತಳೆ, ನಿಂಬೆ ಮತ್ತು ಲೈಮ್ ಎಂಬ ಹಸಿರು ನಿಂಬೆ. ನಾಲ್ಕರಲ್ಲಿ ಮೂರು ಹುಳಿಹಣ್ಣುಗಳೇ!

ಪ್ರಶ್ನೆ: ಜಗಿಯುವ ಮಿಠಾಯಿ ಸಸ್ಯಾಹಾರವೇ?

ಉತ್ತರ: ಜೆಲಾಟಿನ್ ಇದ್ದರೆ ಅಲ್ಲ. ಅದನ್ನು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುತ್ತಾರೆ. ಹಣ್ಣಿನ ಸಿಪ್ಪೆಯಿಂದ ಬರುವ ಪೆಕ್ಟಿನ್ ಅಥವಾ ಪಿಷ್ಟ ಬಳಸಿದ ಮಿಠಾಯಿಗಳೂ ಇವೆ. ಅವು ಅಷ್ಟಾಗಿ ಎಳೆಯುವುದಿಲ್ಲ, ಬೇಗ ತುಂಡಾಗುತ್ತವೆ. ಬೇರೆ ಪದಾರ್ಥಗಳೂ ಇರುತ್ತವೆಯಾದ್ದರಿಂದ ಪಟ್ಟಿಯನ್ನು ಪೂರ್ತಿ ಓದಿ.

ಪ್ರಶ್ನೆ: ನನ್ನಿಂದ ಒಂದನ್ನೂ ತಿನ್ನಲಾಗದ ಹುಳಿ ಮಿಠಾಯಿಯನ್ನು ನನ್ನ ಏಳು ವರ್ಷದ ಮಗಳು ಒಂದರ ಮೇಲೊಂದು ತಿನ್ನುತ್ತಾಳೆ. ಇದು ಸಹಜವೇ?

ಉತ್ತರ: ಸಹಜವೇ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರು ಅತಿ ಹುಳಿಯಾದ ಮಾದರಿಯನ್ನೇ ಮೆಚ್ಚಿದ್ದರು. ದೊಡ್ಡವರು ಅದನ್ನು ಮೆಚ್ಚಿದ್ದು ತೀರಾ ಅಪರೂಪ. ಆಸೆ ಸಹಜವೆಂದು ಪೊಟ್ಟಣವನ್ನೇ ಕೈಗೆ ಕೊಡಬೇಡಿ. ಆಮ್ಲತೆಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಸುಮಾರು 5.5ಕ್ಕಿಂತ ಕಡಿಮೆ ಪಿಎಚ್‌ನಲ್ಲಿ ಕರಗತೊಡಗುತ್ತದೆ. ಹುಳಿ ಪುಡಿಯ ಪಿಎಚ್ ಅದಕ್ಕಿಂತ ಬಹಳ ಕೆಳಗೆ, ಜೊತೆಗೆ ಮಿಠಾಯಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ಕೆನ್ನೆಯೊಳಗೆ ಇಟ್ಟುಕೊಂಡು ಚೀಪಿದರೆ ಬಾಯಿಯ ಒಳಚರ್ಮವೂ ಸುಲಿಯಬಹುದು. ಊಟವಾದ ಮೇಲೆ ಒಂದೆರಡು ತಿನ್ನಲಿ, ನೀರಿನಿಂದ ಬಾಯಿ ಮುಕ್ಕಳಿಸಲಿ. ಕೂಡಲೇ ಹಲ್ಲುಜ್ಜಿಸಬೇಡಿ, ಆಮ್ಲ ತಾಗಿ ಮೆದುವಾದ ಎನಾಮೆಲ್ ಸವೆಯುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ.

ಪ್ರಶ್ನೆ: ತೆರೆದಿಟ್ಟ ಪೊಟ್ಟಣದಲ್ಲಿ ಹುಳಿ ಪುಡಿ ಒದ್ದೆಯಾಗಿದೆ. ಎಸೆಯಲೇ?

ಉತ್ತರ: ಅವಧಿ ಮೀರದೆ, ವಾಸನೆ ಕೆಡದೆ ಇದ್ದರೆ ಎಸೆಯಬೇಕಾಗಿಲ್ಲ. ಗಾಳಿಯ ತೇವಕ್ಕೆ ಪುಡಿ ಕರಗಿದೆ, ಅಷ್ಟೇ. ಆದರೆ ಮೇಲೆ ಹೇಳಿದ ಹೋಲಿಕೆಗೆ ಅದನ್ನು ಬಳಸಬೇಡಿ, ಹೊಸ ಪೊಟ್ಟಣವನ್ನೇ ತೆರೆಯಿರಿ.